ತೀರ್ಥರೂಪರ ಸಾಯಕಲ್ಲು

ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು ಹನ್ನೆರಡೂವರೆ ಮೈಲು. ಇಂದಿನ ಲೆಕ್ಕದಲ್ಲಿ ೨೦ ಕಿಲೋಮೀಟರು. ಧಾರವಾಡವು ಎತ್ತರದಲ್ಲಿಯೂ ಹುಬ್ಬಳ್ಳಿಯು ತಗ್ಗಿನಲ್ಲಿಯೂ ಇರುವದರಿಂದ, ಸ್ವಂತ ಕಾಲಿನಿಂದ ತುಳಿದು ಹೋಗುವವನಿಗೆ ಈ ದೂರವು ಹೋಗುವಾಗ ಒಂದು, ಬರುವಾಗ ಇನ್ನೊಂದು. ಮೋಟಾರಿನಲ್ಲಿ ಕುಳಿತವರಿಗೆ ಈ ಭೇದವು ತಿಳಿಯಲಾರದು. ಅರುವತ್ತು ವರ್ಷಗಳ ವರೆಗೆ ನನಗೂ ತಿಳಿದಿರಲಿಲ್ಲ. ನಮ್ಮ ತೀರ್ಥರೂಪರಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು.

ಅವರು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದರು. ಮನೆಯು ಧಾರವಾಡದ ಮಾಳಮಡ್ಡಿಯಲ್ಲಿ. ವಾರವೆಲ್ಲ ಹುಬ್ಬಳ್ಳಿಯ ಒಂದು ಬಾಡಿಗೆಯ ಕೋಣೆಯಲ್ಲಿದ್ದು, ಶನಿವಾರ ಮುಂಜಾನೆಯ ಶಾಲೆಯನ್ನು ಮುಗಿಸಿಕೊಂಡು ಸಾಯಕಲ್ಲಿನ ಮೇಲೆ ಮನೆಗೆ ಬರುವರು. ಸೋಮವಾರ ಬೆಳಕು ಹರಿಯುವ ಮೊದಲೇ ತಿರುಗಿ ಹೋಗುವರು. ರೈಲು ಇತ್ತು, ಬಸ್ಸೂ ಇತ್ತು. “ಎರಡು ಗಾಲಿ ಮನ್ಯಾಗ ಇರುವಾಗ ಆರು ಗಾಲಿಗೆ ಯಾಕ ರೊಕ್ಕ ಕೊಡಬೇಕು?” ಎಂಬುದು ಅವರ ಲೆಕ್ಕವಾಗಿತ್ತು. ಆಷಾಢ ಶ್ರಾವಣಗಳ ಶನಿವಾರ ಪಡುವಣ ಗಾಳಿಯು ಎದುರಿಗೆ ಬೀಸುವದು, ದಾರಿಯೂ ಏರು. ಅಂದು ಅವರು ಮನೆಯನ್ನು ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು. ಓಣಿಯ ತಿರುವಿನಲ್ಲಿ ಘಂಟಿಯು ಎರಡು ಸಾರೆ ಬಾರಿಸಿತೆಂದರೆ ಮಾತೋಶ್ರೀಯವರು ಚಹದ ನೀರನ್ನು ಒಲೆಯ ಮೇಲೆ ಇಡುವರು. ನಾವು ಹುಡುಗರು ಪುಸ್ತಕಗಳನ್ನು ತೆರೆದುಕೊಂಡು ಕೂಡುವೆವು.

ತೀರ್ಥರೂಪರು ೨೦೧೧ರಲ್ಲಿ ತೀರಿಕೊಂಡರು. ಸಾಯಕಲ್ಲು ಹಿತ್ತಲಿನ ಕಟ್ಟಿಗೆಯ ಕೋಣೆಯಲ್ಲಿ ಗೋಡೆಗೆ ಆತು ನಿಂತೇ ಇತ್ತು. ನಾನು ನಿವೃತ್ತನಾದ ವರ್ಷ ಆ ಕೋಣೆಯನ್ನು ಹಸನು ಮಾಡುವಾಗ ಹಳೆಯ ಸಾಮಾನು ಕೊಳ್ಳುವವನೊಬ್ಬನು ಬಂದು, ಅದನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ, “ಇಪ್ಪತ್ತು ಕಿಲೋ” ಎಂದನು. ನಾನು ಕೊಡುವದಿಲ್ಲವೆಂದೆನು. ಇದಕ್ಕೆ ಪಿತೃಭಕ್ತಿಯೇ ಕಾರಣವೆಂದು ಬರೆದುಕೊಂಡರೆ ಅದು ಸುಳ್ಳಾದೀತು. ನಿಜವಾದ ಕಾರಣವನ್ನು ಹೇಳಿಬಿಡುವದೇ ಲೇಸು.

೨೦೦೯ರಲ್ಲಿ ಅವರಿಗೆ ಎಂಬತ್ತೊಂದು ವರ್ಷ. ಒಂದು ದಿನ, “ನಾಳೆ ಮುಂಜಾನೆ ಕೆಲಗೇರಿ ಕೆರೀ ತನಕ ಹೋಗಿ ಬರತೇನಿ; ಒಂದು ಸಾರೆ ಸಾಕು” ಎಂದರು. ಬಿದ್ದರೆ ಎಲುಬು ಮುರಿದೀತೆಂದು ನನಗೆ ಅಂಜಿಕೆ. ಎದುರುತ್ತರ ಕೊಡುವ ಧೈರ್ಯವೂ ಇಲ್ಲ. ನಮ್ಮ ದೇಶದ ಸಾದಾ ಸಾಯಕಲ್ಲಿನ ಗಾಳಿಯ ಬಾಯಿಯಲ್ಲಿ ಒಂದು ಸಣ್ಣ ಪೊಳ್ಳು ಮೊಳೆ ಇರುವದು. ಅದರ ಮಗ್ಗುಲಲ್ಲಿ ಒಂದು ತೂತು. ತೂತಿನ ಮೇಲೆ ಬೆರಳಗಲದ ರಬ್ಬರಿನ ತೆಳುವಾದ ನಳಿಗೆ. ಪಂಪಿನ ಗಾಳಿಯು ಈ ರಬ್ಬರನ್ನು ಸರಿಸಿ ಒಳಗೆ ಹೋಗುವದು. ಒಳಗಿನ ಗಾಳಿಯು ಹೊರಬರಲು ಹವಣಿಸಿದಾಗ ರಬ್ಬರೇ ತೂತನ್ನು ಒತ್ತಿ ಮುಚ್ಚುವದು. ಇಡೀ ವಾಹನದಲ್ಲಿ ಇದಕ್ಕಿಂತ ಅಗ್ಗದ ವಸ್ತುವಿಲ್ಲ. ಇದಿಲ್ಲದೆ ವಾಹನವೂ ಇಲ್ಲ. ಆ ರಾತ್ರಿ ನಾನು ಎರಡೂ ಗಾಲಿಗಳ ರಬ್ಬರನ್ನು ಕಿತ್ತು, ಮೊಳೆಗಳನ್ನು ಇದ್ದ ಹಾಗೆ ಕೂಡಿಸಿಟ್ಟೆನು. ಮುಂಜಾನೆ ಅವರು ಪಂಪು ಹೊಡೆದರು, ಗಾಳಿ ನಿಲ್ಲಲಿಲ್ಲ. “ಟ್ಯೂಬು ಸತ್ತಾವ, ಅಪ್ಪಾ. ಈ ಅಳತೀವು ಈಗ ಸಿಗೂದಿಲ್ಲ” ಎಂದೆನು. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಹೌದೇನು?” ಎಂದು ಪಂಪನ್ನು ಗೂಟಕ್ಕೆ ತೂಗುಹಾಕಿದರು. ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ.

ಹುಡುಗರಿಗೆ ಸತ್ಯವಚನದ ಶ್ಲೋಕಗಳನ್ನು ಬಾಯಿಪಾಠ ಮಾಡಿಸಿ ಸಂಬಳ ತೆಗೆದುಕೊಂಡವನು ನಾನು.

ಸುಭಾಸ ರಸ್ತೆಯ ಹಿಂದಿನ ಒಂದು ಸಂದಿಯಲ್ಲಿ ಸಾಯಕಲ್ಲು ದುರಸ್ತಿ ಮಾಡುವ ಮುದುಕನೊಬ್ಬನಿದ್ದಾನೆ. ಊರಿಗೆಲ್ಲ ಚಾಚಾ. ಹಿಂದೆ ತಾಸಿನ ಲೆಕ್ಕದಲ್ಲಿ ಸಾಯಕಲ್ಲುಗಳನ್ನು ಬಾಡಿಗೆಗೆ ಕೊಡುತ್ತಿದ್ದವನು. ಈಗ ಹೆಚ್ಚಾಗಿ ಪಂಕ್ಚರು ತಿದ್ದುವ ಕೆಲಸ. ನಮ್ಮದನ್ನು ಕಂಡ ಕೂಡಲೆ ಮುಂದಿನ ಕೊಳವೆಯ ಮೇಲಿನ ಕಿಲುಬನ್ನು ಹೆಬ್ಬೆರಳಿನಿಂದ ತಿಕ್ಕಿದನು. ಬಕಪಕ್ಷಿಯ ತಲೆಯ ಮುದ್ರೆಯು ಕಾಣಿಸಿತು. “ರಾಲೆ! ವಿಲಾಯತಿ ಮಾಲು” ಎಂದನು. ಇಂಗ್ಲಂಡದ ನಾಟಿಂಗ್‌ಹ್ಯಾಮ್ ಪಟ್ಟಣದ ರ‍್ಯಾಲಿ ಕಂಪನಿಯ ಗುರುತು ಅದು. ಪಾಯಡಲ್ಲಿನ ಹಲ್ಲುಚಕ್ರದಲ್ಲಿಯೂ ಅದೇ ಪಕ್ಷಿಯ ಆಕೃತಿಯನ್ನು ಕೊರೆದಿರುವರು.

ಸ್ವಾತಂತ್ರ್ಯ ಬಂದ ವರ್ಷ, ಅಂದರೆ ೧೯೪೭ರಲ್ಲಿ, ಈ ಸಾಯಕಲ್ಲನ್ನು ಕೊಂಡರೆಂಬುದು ನಮ್ಮ ಮನೆಯಲ್ಲಿ ನಡೆದುಬಂದ ಪ್ರತೀತಿ. ಹಿಂದಿನ ಗಾಲಿಯ ನಾಭಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರಸಲು ಸ್ಟರ್ಮೀ-ಆರ್ಚರ್ ಎಂಬ ಹೆಸರೂ ಅದರ ಕೆಳಗೆ ೫೧ ಎಂಬ ಅಂಕೆಯೂ ಮೂಡಿದವು. ಆ ನಾಭಿಯನ್ನು ಮಾಡಿದ ವರ್ಷವನ್ನು ಹೀಗೆ ಒತ್ತುವದು ಆ ಕಂಪನಿಯ ಪದ್ಧತಿ. ಬಾಯಿಮಾತಿಗೂ ಶಾಸನಕ್ಕೂ ವಿರೋಧ ಬಂದಾಗ ಶಾಸನವನ್ನೇ ನಂಬಬೇಕಷ್ಟೆ! ೧೯೫೧ರಲ್ಲಿ ತೀರ್ಥರೂಪರಿಗೆ ಇಪ್ಪತ್ತಮೂರು ವರ್ಷ; ನೌಕರಿ ಹತ್ತಿದ ಹೊಸದು. ಅದೇ ಹೆಚ್ಚು ಸಂಭವನೀಯ.

ಈ ನಾಭಿಯ ಒಳಗನ್ನು ನೋಡಿದ ದಿನ ನನಗೆ ಊಟದ ನೆನಪಾಗಲಿಲ್ಲ. ನಡುವೆ ಇಪ್ಪತ್ತು ಹಲ್ಲುಗಳ ಒಂದು ಚಕ್ರ, ಅಚ್ಚಿಗೆ ಬಿಗಿದು ಅಚಲವಾಗಿರುವದು. ಅದಕ್ಕೆ ಸೂರ್ಯನೆಂದು ಹೆಸರು. ಅದರ ಸುತ್ತಲೂ ಇಪ್ಪತ್ತಿಪ್ಪತ್ತು ಹಲ್ಲುಗಳ ನಾಲ್ಕು ಗ್ರಹಗಳು ತಿರುಗುವವು. ಅವನ್ನು ಅರುವತ್ತು ಹಲ್ಲುಗಳ ಒಂದು ಬಳೆಯು ಸುತ್ತುವರಿದಿರುವದು. ಕೈಹಿಡಿಯ ಬಳಿಯ ಸಣ್ಣ ಸನ್ನೆಯನ್ನು ಒತ್ತಿದರೆ ಒಳಗಿನ ಸಂಬಂಧಗಳು ಬದಲಾಗುವವು. ಮೊದಲನೆಯ ಗತಿಯಲ್ಲಿ ಚೈನಿನ ಹಲ್ಲುಚಕ್ರವು ನಾಲ್ಕು ಸುತ್ತು ತಿರುಗಿದರೆ ಗಾಲಿಯು ಮೂರೇ ಸುತ್ತು ತಿರುಗುವದು, ಇದು ಏರಿಗೆ, ಎರಡನೆಯದರಲ್ಲಿ ಸಮಸಮ, ಮೂರನೆಯದರಲ್ಲಿ ಮೂರಕ್ಕೆ ನಾಲ್ಕು, ಇದು ಇಳಿಜಾರಿಗೆ. ನಮ್ಮ ಜ್ಯೋತಿಷಿಗಳು ಆಕಾಶದಲ್ಲಿ ಗ್ರಹಗತಿಯನ್ನು ಎಣಿಸುತ್ತ ಕುಳಿತಿರಲು, ಗಣಿತದ ಮಾಸ್ತರರೊಬ್ಬರು ವಾರವಾರವೂ ಒಂದು ಸೌರಮಂಡಲವನ್ನೇ ತುಳಿಯುತ್ತ ನವಲೂರನ್ನು ದಾಟುತ್ತಿದ್ದರು. ಆ ಕಂಪನಿಯು ೨೦೦೦ದಲ್ಲಿ ಕೈಬದಲಾಗಿ ತೈವಾನಕ್ಕೆ ಹೋಯಿತು. ಆದರೂ ಈ ಜಾತಿಯ ಬಿಡಿಭಾಗಗಳು ಇಂದಿಗೂ ದೊರೆಯುವವು. ನಮಗೆ ಬೇಕಾದದ್ದು ಎರಡು ಸಣ್ಣ ಸ್ಪ್ರಿಂಗು ಮಾತ್ರ.

ಮಿಕ್ಕ ಕೆಲಸಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಇಂಥ ದುರಸ್ತಿಗೆ ನಮ್ಮ ಕಡೆ ‘ಓವರಾಯಿಲು’ ಎನ್ನುವರು. ಎಣ್ಣೆ ಹಾಕುವದರಿಂದಲೇ ಆ ಹೆಸರು ಬಂದಿತೆಂದು ಬಹು ಜನರು ತಿಳಿದಿರುವರು. ಚಾಚಾನೂ ಹಾಗೆಯೇ ತಿಳಿದಿದ್ದಾನೆ. ತಿದ್ದುವದು ನನ್ನ ಹುಟ್ಟುಗುಣವಾದರೂ ಸುಮ್ಮನಾದೆನು. ಪಾಯಡಲ್ಲಿನ ದಂಡವನ್ನು ಅಚ್ಚಿಗೆ ಹಿಡಿದಿರುವ ಕಾಟರ್ ಪಿನ್ನು ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಸುತ್ತಿಗೆಯಿಂದ ಹೊಡೆಯೋಣವೆಂದೆನು. ಚಾಚಾ ಒಪ್ಪಲಿಲ್ಲ. ನಾಲ್ಕು ದಿನ ಮುಂಜಾನೆ ಸಂಜೆ ಸೀಮೆಎಣ್ಣೆಯ ಹನಿಗಳನ್ನು ಬಿಟ್ಟು, ಐದನೆಯ ದಿನ ದಂಡದ ಕೆಳಗೆ ಗಟ್ಟಿಯಾದ ಕಟ್ಟಿಗೆಯ ಆಸರೆ ಕೊಟ್ಟು ಒಂದೇ ಏಟು ಹಾಕಿದನು, ಪಿನ್ನು ಹೊರಬಿದ್ದಿತು. ಆಸರೆಯಿಲ್ಲದೆ ಹೊಡೆದರೆ ಏಟೆಲ್ಲ ಒಳಗಿನ ಗುಂಡುಗಳಿಗೆ ಹೋಗಿ, ಅವು ಕೂಡುವ ಬಟ್ಟಲುಗಳು ತಗ್ಗು ಬೀಳುವವಂತೆ. ಈ ಬಟ್ಟಲುಗಳ ವಿಷಯದಲ್ಲಿ ಎಚ್ಚರ ಬೇಕು. ಉಳಿದ ಕಂಪನಿಗಳು ಒಂದು ಅಂಗುಲಕ್ಕೆ ಇಪ್ಪತ್ತನಾಲ್ಕು ಸುತ್ತಿನ ಮರೆ ಕೊರೆದರೆ ರ‍್ಯಾಲಿಯವರು ಇಪ್ಪತ್ತಾರು ಕೊರೆಯುತ್ತಿದ್ದರು. ಪೇಟೆಯಲ್ಲಿಯ ಹೊಸ ಬಟ್ಟಲು ಇದಕ್ಕೆ ಕೂಡಲಾರದು. ಹಳೆಯವನ್ನೇ ತೊಳೆದು, ಎರಡೂ ಕಡೆ ಹನ್ನೊಂದು ಹನ್ನೊಂದು ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂಡಿಸಿದೆವು. ಹ್ಯಾಂಡಲ್ಲಿನ ತುಕ್ಕನ್ನು ನಮ್ಮ ಮನೆಯವರು ಹುಣಸೆಹಣ್ಣಿನಿಂದ ತಿಕ್ಕಿ ತೆಗೆದರು. ತೊಳೆದ ಕೂಡಲೆ ಒರಸಿ ಎಣ್ಣೆಯ ಕೈ ಆಡಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಟಾಯರು ಟ್ಯೂಬುಗಳ ಮಾತು ಬಂದಾಗ ನಾನು ತುಸು ಹಿಂಜರಿಯುತ್ತಲೇ ಕೇಳಿದೆನು. ಚಾಚಾ ನಕ್ಕನು. “ಇಪ್ಪತ್ತೆಂಟು–ಒಂದೂವರಿ ಅಲ್ಲೇನ್ರಿ? ಹಾಲು ಮಾರವ್ರ ಸಾಯಕಲ್ಲಿಗೂ ಇದ ಸೈಜು. ಯಾ ಅಂಗಡ್ಯಾಗ ಕೇಳಿದ್ರೂ ಸಿಗತೈತಿ.” ನಮ್ಮ ದೇಶದ ಕಾರಖಾನೆಗಳು ಆ ಹಳೆಯ ಇಂಗ್ಲಿಷ್ ಅಳತೆಯನ್ನೇ ಹಿಡಿದುಕೊಂಡು ಬಂದಿರುವದರಿಂದ ಇವು ಇಂದಿಗೂ ಸಿಗುವವು. ಆದರೆ ಆ ಕಾರಖಾನೆಗಳಿಗೂ ಕಾಲವು ಒಳ್ಳೆಯದಿಲ್ಲ. ೧೯೫೧ರಲ್ಲಿಯೇ ಹುಟ್ಟಿದ ಅಟ್ಲಾಸ್ ಕಂಪನಿಯು ೨೦೨೦ರ ಜೂನ್ ೩ರಂದು, ಅಂದರೆ ವಿಶ್ವ ಸಾಯಕಲ್ ದಿನದಂದೇ, ಸಾಹಿಬಾಬಾದಿನ ತನ್ನ ಕಾರಖಾನೆಯ ಕೆಲಸವನ್ನು ನಿಲ್ಲಿಸಿತು.

ಬಣ್ಣದ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಯಂತ್ರದಿಂದ ಹೊಸ ಕರಿಬಣ್ಣ ಹಾಕಿಸಿ ಬಂಗಾರದ ಗೆರೆ ಎಳೆಸಬೇಕೆಂದು ನಾನು ಒಂದು ಅಂಗಡಿಗೆ ಮುಂಗಡವನ್ನೂ ಕೊಟ್ಟಿದ್ದೆನು. ಚಾಚಾ ಚೌಕಟ್ಟಿನ ಮೇಲಿನ ಕೊಳವೆಯನ್ನು ತೋರಿಸಿದನು. ಅಲ್ಲಿ ಒಂದು ಗೇಣುದ್ದ ಬಣ್ಣವೆಲ್ಲ ಸವೆದು ಉಕ್ಕು ಕಾಣುತ್ತಿತ್ತು. “ಇಲ್ಲಿ ಯಾರ ಕುಂಡರತಿದ್ರಿ, ಮಾಸ್ತರ್ರ?” ಎಂದನು. ನಾನೇ ಕೂಡುತ್ತಿದ್ದೆನು, ನನ್ನ ಹಿಂದೆ ತಂಗಿಯು ಕೂಡುತ್ತಿದ್ದಳು. ಕೊಳವೆಗೆ ಪಂಜೆಯನ್ನು ಸುತ್ತಿ ನಮ್ಮನ್ನು ಕೂಡಿಸಿಕೊಂಡು ಅವರು ರವಿವಾರ ಸಂತೆಗೆ ಹೋಗುತ್ತಿದ್ದರು. “ಬಣ್ಣ ಬಡದ್ರ ಹೊಸಾದು ಆಗತೈತಿ ಖರೆ. ನಿಮ್ಮ ಅಪ್ಪಾರದಾಗಿ ಉಳಿಯಂಗಿಲ್ಲ” ಎಂದು ಹೇಳಿ ಅವನು ಚಹ ಕುಡಿಯಲು ಹೋದನು.

ಜೀರ್ಣದ ಉದ್ಧಾರವೇ ಜೀರ್ಣೋದ್ಧಾರ, ಷಷ್ಠೀ ತತ್ಪುರುಷ. ಉದ್ಧಾರವೆಂದರೆ ಮೇಲಕ್ಕೆತ್ತುವದು, ಮೇಲಿನಿಂದ ಮುಚ್ಚುವದಲ್ಲ. ಮೂವತ್ತು ವರ್ಷ ಈ ಸಮಾಸವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದವನು ಅದರ ಅರ್ಥವನ್ನು ಪಂಕ್ಚರು ಅಂಗಡಿಯಲ್ಲಿ ಕಲಿಯಬೇಕಾಯಿತು. ಮುಂಗಡವು ತಿರುಗಿ ಬರಲಿಲ್ಲ, ಹೋಗಲಿ. ಆದರೆ ಹಳೆಯದೆಂಬ ಮೋಹಕ್ಕೂ ಒಂದು ಮಿತಿ ಬೇಕು. ಬ್ರೇಕಿನ ರಬ್ಬರುಗಳು ಕಲ್ಲಾಗಿದ್ದವು, ಚೈನು ಸಡಿಲಾಗಿತ್ತು, ಎರಡು ತಂತಿ ಮುರಿದಿದ್ದವು. ಪ್ರಾಣಕ್ಕೆ ಸಂಬಂಧಪಟ್ಟ ಇವನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಬದಲಿಸಿದೆವು. ಸೀಟಿನ ತೊಗಲಿಗೆ ಮೇಣವನ್ನು ಉಣಿಸಿ ಹಾಗೆಯೇ ಉಳಿಸಿದೆವು. ಅದರಲ್ಲಿ ಅವರು ಕುಳಿತ ಎರಡು ತಗ್ಗುಗಳಿವೆ. ನನಗೆ ಅವು ಸರಿಯಾಗಿ ಹೊಂದುವದಿಲ್ಲ.

ಸೀಟಿನ ಹಿಂದೆ ತೂಗುವ ತೊಗಲಿನ ಚೀಲವನ್ನು ಎಲ್ಲಕ್ಕೂ ಕೊನೆಗೆ ಬಿಚ್ಚಿದೆನು. ಒಂದು ಪಾನಾ, ಟಾಯರು ಎಬ್ಬಿಸುವ ಎರಡು ಪಟ್ಟಿ, ಉಪ್ಪುಕಾಗದದ ತುಂಡು. ಅವುಗಳ ಕೆಳಗೆ ವರ್ತಮಾನಪತ್ರದ ಒಂದು ಪುಟ್ಟ ಪುಡಿಕೆ. ಬಿಡಿಸಿದರೆ ಒಳಗೆ ಅರ್ಧ ಗೇಣು ರಬ್ಬರಿನ ನಳಿಗೆ, ಗಾಳಿಯ ಮೊಳೆಗೆ ಹಾಕುವಂಥದು. ಸುತ್ತಿದ ಪತ್ರಿಕೆಯ ಅಂಚಿನಲ್ಲಿ ತಾರೀಖು ಇತ್ತು: ೨೦೦೯ರದು, ನಾನು ರಬ್ಬರು ಕಿತ್ತ ತಿಂಗಳೇ. ಅಂದರೆ ಅವರು ಮೊಳೆಯನ್ನು ಬಿಚ್ಚಿ ನೋಡಿದ್ದರು. ಪೇಟೆಗೆ ನಡೆದು ಹೋಗಿ ರಬ್ಬರನ್ನು ತಂದಿದ್ದರು. ಹಾಕಿಕೊಳ್ಳಲು ಎರಡು ನಿಮಿಷದ ಕೆಲಸ. ಹಾಕಿಕೊಂಡಿರಲಿಲ್ಲ.

ಚಾಚಾನು ಆ ನಳಿಗೆಯನ್ನು ಎಳೆದು ನೋಡಿದನು. ಅದು ಬೆರಳುಗಳ ನಡುವೆ ಮುರಿದು ಪುಡಿಯಾಯಿತು. ಉಳಿದ ತುಂಡನ್ನು ನಾನು ಪುಡಿಕೆಯಲ್ಲಿ ಕಟ್ಟಿ ಇದ್ದಲ್ಲಿಯೇ ಇಟ್ಟೆನು.

ಮಾರ್ಗಶೀರ್ಷದ ಒಂದು ರವಿವಾರ ಮುಂಜಾನೆ ಐದೂವರೆಗೆ ಮಾಳಮಡ್ಡಿಯಿಂದ ಹೊರಟೆನು. ಜುಬಿಲಿ ಸರ್ಕಲ್ಲು, ಕೋರ್ಟು, ಟೋಲ್ ನಾಕಾಗಳನ್ನು ದಾಟುವ ವರೆಗೆ ಬೀದಿಯ ದೀಪಗಳಿದ್ದವು. ಈಗಿನ ರಸ್ತೆಯ ನಡುವಿನ ಭಾಗವು ೨೦೧೮ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳಿಗೆ ಮೀಸಲು. ಅದರ ಎರಡೂ ಕಡೆ ಮೋಟಾರುಗಳು. ಸಾಯಕಲ್ಲಿನವನಿಗೆ ಉಳಿದದ್ದು ಅಂಚಿನ ಎರಡು ಮೊಳ. ತೀರ್ಥರೂಪರು ಹೇಳುತ್ತಿದ್ದ ನೆರಳಿನ ಮರಗಳು ರಸ್ತೆಯನ್ನು ಅಗಲ ಮಾಡುವಾಗ ಹೋದವು. ಆದರೂ ಆ ಹೊತ್ತಿನಲ್ಲಿ ವಾಹನಗಳು ವಿರಳ. ಸತ್ತೂರಿನ ಆಚೆ ಇಳಿಜಾರಿನಲ್ಲಿ ಮೂರನೆಯ ಗತಿಗೆ ಹಾಕಿದೆನು. ಗಾಲಿಯ ಸಪ್ಪಳವು ತಗ್ಗಿ ಕಿವಿಯ ತುಂಬ ಗಾಳಿಯೊಂದೇ ಉಳಿಯಿತು. ನವಲೂರಿನಲ್ಲಿ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಪೇರಲಹಣ್ಣುಗಳನ್ನು ಆಗಲೇ ಜೋಡಿಸುತ್ತಿದ್ದರು. ಇಲ್ಲಿಯ ಪೇರಲಕ್ಕೆ ಹೆಸರಿದೆ. ನಾಲ್ಕು ಕೊಂಡು ಕ್ಯಾರಿಯರಿಗೆ ಕಟ್ಟಿದೆನು. ರಾಯಾಪುರ, ನವನಗರ, ಭೈರಿದೇವರಕೊಪ್ಪಗಳು ಈಗ ಒಂದರ ಬಾಲವನ್ನು ಇನ್ನೊಂದು ಹಿಡಿದಿವೆ. ಎಲ್ಲಿ ಧಾರವಾಡವು ಮುಗಿಯಿತು, ಎಲ್ಲಿ ಹುಬ್ಬಳ್ಳಿಯು ಮೊದಲಾಯಿತು ಎಂಬುದು ತಿಳಿಯದು. ಎರಡೂ ಊರುಗಳಿಗೆ ೧೯೬೨ರಲ್ಲಿ ಒಂದೇ ಮಹಾನಗರಪಾಲಿಕೆಯಾಯಿತು. ಮನೆಗಳು ಒಂದಾದದ್ದು ಈಚೆಗೆ.

ಉಣಕಲ್ಲ ಕೆರೆಯ ಮೇಲೆ ಸೂರ್ಯನು ಬಂದನು. ಊರೊಳಗಿನ ಚಂದ್ರಮೌಳೇಶ್ವರ ದೇವಾಲಯಕ್ಕೂ ಹೋಗಿ ಬಂದೆನು. ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲುಗಳು. ಕಲ್ಲಿನ ಮೇಲಿನ ಸವೆತವನ್ನು ಅಂದು ಬೇರೆ ಕಣ್ಣಿನಿಂದ ನೋಡಿದೆನು. ಹುಬ್ಬಳ್ಳಿಯಲ್ಲಿ ತೀರ್ಥರೂಪರು ಕಲಿಸಿದ ಶಾಲೆಯ ಕಬ್ಬಿಣದ ಗೇಟಿಗೆ ಸಾಯಕಲ್ಲನ್ನು ಆನಿಸಿ, ಎದುರಿನ ಅಂಗಡಿಯಲ್ಲಿ ಮಿರ್ಚಿಭಜಿ ತಿಂದು, ಚಹ ಕುಡಿದೆನು. ರವಿವಾರವಾದ್ದರಿಂದ ಗೇಟಿಗೆ ಬೀಗವಿತ್ತು.

ತಿರುಗಿ ಬರುವಾಗ ಆ ಇಪ್ಪತ್ತು ಕಿಲೋಮೀಟರು ಬೇರೆಯಾಯಿತು. ಹೋಗುವಾಗ ಕಣ್ಣಿಗೆ ಬೀಳದ ಏರುಗಳು ಒಂದೊಂದಾಗಿ ಎದ್ದು ನಿಂತವು. ರಾಯಾಪುರದಿಂದ ಮೊದಲನೆಯ ಗತಿಯಲ್ಲಿಯೇ ತುಳಿದೆನು. ನಾಲ್ಕಕ್ಕೆ ಮೂರು, ನಾಲ್ಕಕ್ಕೆ ಮೂರು ಎಂದು ಬಾಯಲ್ಲಿ ಎಣಿಕೆ. ನವಲೂರಿನ ಸೇತುವೆಯ ಏರಿನಲ್ಲಿ ಇಳಿದು ನೂಕಿಕೊಂಡು ನಡೆದೆನು. ಇದು ಮಾರ್ಗಶೀರ್ಷ, ಗಾಳಿಯಿಲ್ಲ, ಮಳೆಯಿಲ್ಲ. ಆಷಾಢದ ಶನಿವಾರ, ಹಸಿದ ಹೊಟ್ಟೆಯಲ್ಲಿ, ವರ್ಷಕ್ಕೆ ನಲವತ್ತು ಸಾರೆ ಹೇಗೆ ಬಂದರೆಂಬುದನ್ನು ನಾನು ಎಂದೂ ಕೇಳಿರಲಿಲ್ಲ. ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ಕೇಳಿದ ಕೆಲಗೇರಿಯಾದರೋ ಮನೆಯಿಂದ ನಾಲ್ಕೇ ಹೆಜ್ಜೆ.

ಓಣಿಯ ತಿರುವಿಗೆ ಬಂದಾಗ ಹನ್ನೊಂದು ಹೊಡೆದಿತ್ತು. ಕೈ ತಾನಾಗಿಯೇ ಘಂಟಿಯನ್ನು ಎರಡು ಸಾರೆ ಬಾರಿಸಿತು. ಮನೆಯವರು ಬಾಗಿಲಿಗೆ ಓಡಿಬಂದರು. “ಎಷ್ಟು ಸಾರೆ ಫೋನು ಮಾಡಬೇಕ್ರಿ? ಎತ್ತಲಿಕ್ಕೆ ಏನಾಗಿತ್ತು?” ಎಂದರು. ಫೋನು ಸೀಟಿನ ಹಿಂದಿನ ಚೀಲದಲ್ಲಿ, ಆ ಪುಡಿಕೆಯ ಪಕ್ಕದಲ್ಲಿತ್ತು. ಪೇರಲಹಣ್ಣುಗಳನ್ನು ಅವರ ಕೈಯಲ್ಲಿ ಕೊಟ್ಟು, ಸಾಯಕಲ್ಲನ್ನು ಪಡಸಾಲೆಯೊಳಗೆ ತಂದು ನಿಲ್ಲಿಸಿದೆನು. ಹಿತ್ತಲಿನ ಕೋಣೆಗೆ ಅದನ್ನು ಮತ್ತೆ ಒಯ್ದಿಲ್ಲ.