ಬಾಣದ ಗುರುತಿಲ್ಲದ ಗೇಮು, ಪಿನ್ ಇಲ್ಲದ ಹೊಲ

ಈಗಿನ ವಿಡಿಯೊ ಗೇಮ್‌ಗಳು ಆಡುವವರನ್ನು ಮದುವೆಮನೆಯ ಬೀಗರ ಹಾಗೆ ನೋಡಿಕೊಳ್ಳುತ್ತವೆ. ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಬಾಣದ ಗುರುತು, ಯಾರನ್ನು ಮಾತನಾಡಿಸಬೇಕು ಅನ್ನೋದಕ್ಕೆ ಅವರ ತಲೆಯ ಮೇಲೊಂದು ಚಿಹ್ನೆ, ಸತ್ತರೆ ಹತ್ತು ಹೆಜ್ಜೆ ಹಿಂದಿನಿಂದ ಮತ್ತೆ ಶುರು. ‘ಮಾರೋವಿಂಡ್’ ಹಾಗಲ್ಲ. ಅದು ನಿಮ್ಮನ್ನು ಕೈದಿಗಳ ಹಡಗಿನಿಂದ ಇಳಿಸುತ್ತದೆ, ಹೆಸರು ಬರೆದುಕೊಳ್ಳುತ್ತದೆ, ಕೈಗೊಂದು ಪೊಟ್ಟಣ ಕೊಟ್ಟು ‘ಬಾಲ್ಮೋರಾ ಅನ್ನೋ ಊರಲ್ಲಿ ಒಬ್ಬರಿಗೆ ಮುಟ್ಟಿಸು’ ಅನ್ನುತ್ತದೆ. ಆಮೇಲೆ ನೀವುಂಟು, ನಿಮ್ಮ ಹಣೆಬರಹ ಉಂಟು.

2002ರಲ್ಲಿ ಅಮೆರಿಕದ ಬೆಥೆಸ್ಡಾ ಕಂಪನಿ ತಂದ ಈ ಗೇಮು ‘ದಿ ಎಲ್ಡರ್ ಸ್ಕ್ರೋಲ್ಸ್’ ಸರಣಿಯ ಮೂರನೆಯದು. ಇದರ ತಮ್ಮ ‘ಸ್ಕೈರಿಮ್’ ಹೆಸರನ್ನು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಅದು 2011ರದ್ದು. ಹೋಗಬೇಕಾದ ಜಾಗವನ್ನು ದಿಕ್ಸೂಚಿಯ ಮೇಲೆ ಗುರುತು ಹಾಕಿ ತೋರಿಸುವ ಪದ್ಧತಿ ಈ ಸರಣಿಗೆ ಬಂದದ್ದು 2006ರ ‘ಒಬ್ಲಿವಿಯನ್’ನಲ್ಲಿ. ಮಾರೋವಿಂಡ್ ಅದಕ್ಕೂ ಮುಂಚಿನದು. ಇಲ್ಲಿ ದಾರಿ ಬೇಕಾದರೆ ಜನರನ್ನು ಕೇಳಬೇಕು, ಅವರು ಹೇಳಿದ್ದನ್ನು ಓದಿ ನೆನಪಿಟ್ಟುಕೊಳ್ಳಬೇಕು.

ಇಪ್ಪತ್ತು ವರ್ಷ ದಾಟಿದ ಈ ಗೇಮು ನನ್ನ ಕೈಗೆ ಬಂದದ್ದು ಬಳ್ಳಾರಿಯ ಬೇಸಿಗೆಯಲ್ಲಿ. ಆಫೀಸು ಬೆಂಗಳೂರಲ್ಲಿ, ನಾನು ಮೂರು ತಿಂಗಳು ಅಪ್ಪನ ಮನೆಯಲ್ಲಿ, ವರ್ಕ್ ಫ್ರಂ ಹೋಮ್. ಬಳ್ಳಾರಿ ಬಿಸಿಲು ಗೊತ್ತಲ್ಲ? ಹನ್ನೊಂದರಿಂದ ಐದರವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪಿನಲ್ಲಿ ಹೊಸ ಗೇಮ್ ಯಾವುದೂ ಓಡುವುದಿಲ್ಲ. ಇದೊಂದು ಓಡಿತು.

ಏಡಿಯ ಕೈಯಲ್ಲಿ ಸಾವು

ಮೊದಲ ವಾರ ನಾನು ಸತ್ತ ಲೆಕ್ಕ ಇಟ್ಟಿಲ್ಲ. ಕೆಸರಿನ ಏಡಿ ಕೊಂದಿತು, ಇಲಿ ಕೊಂದಿತು, ಆಕಾಶದಿಂದ ಕಿರುಚುತ್ತಾ ಇಳಿಯುವ ಕ್ಲಿಫ್ ರೇಸರ್ ಅನ್ನೋ ಹಕ್ಕಿಯಂಥ ಪ್ರಾಣಿ ಕೊಂದಿತು. ಕತ್ತಿ ಏಡಿಗೆ ತಾಗಿದ್ದು ಕಣ್ಣಿಗೆ ಕಾಣುತ್ತದೆ, ಆದರೆ ಏಟು ಬೀಳುವುದಿಲ್ಲ. ಯಾಕೆಂದರೆ ಒಳಗೆ ಪ್ರತಿ ಹೊಡೆತಕ್ಕೂ ದಾಳ ಉರುಳುತ್ತಿರುತ್ತದೆ. ಆ ಆಯುಧದಲ್ಲಿ ನಿಮ್ಮ ಪಳಗಿಕೆ ಎಷ್ಟು, ದೇಹದಲ್ಲಿ ಉಳಿದ ದಮ್ಮು ಎಷ್ಟು, ಅದರ ಮೇಲೆ ಲೆಕ್ಕ. ಓಡೋಡಿ ಬಂದು ಹೊಡೆದರೆ ದಮ್ಮು ಖಾಲಿಯಾಗಿ, ಹೊಡೆತಗಳೆಲ್ಲ ಗಾಳಿಗೆ.

ಆ ‘ದಮ್ಮಿನ ಪಟ್ಟಿ’ ನನಗೆ ಚೆನ್ನಾಗಿ ಅರ್ಥವಾದದ್ದು ಬಳ್ಳಾರಿ ಕೋಟೆಯ ಮೆಟ್ಟಿಲ ಮೇಲೆ. ಬೆಳಗಿನ ಆರಕ್ಕೆ ಅಪ್ಪ ಎಬ್ಬಿಸಿ ಕರೆದುಕೊಂಡು ಹೋದರು. ಒಂದೇ ಬಂಡೆಯೇನೋ ಅನ್ನುವ ಗುಡ್ಡ. ಮೇಲಿನ ಕೋಟೆ ಕಟ್ಟಿಸಿದ್ದು ವಿಜಯನಗರದ ಕಾಲದ ಪಾಳೇಗಾರ ಹನುಮಪ್ಪ ನಾಯಕ, ಕೆಳಗಿನದು 18ನೇ ಶತಮಾನದಲ್ಲಿ ಹೈದರಾಲಿ ಸೇರಿಸಿದ್ದು. ನಾನು ದಡದಡ ಹತ್ತಿ ಅರ್ಧಕ್ಕೇ ಕೂತೆ. ಅಪ್ಪನಿಗೆ 67. ಒಂದೇ ಸಮನೆ, ಎಮ್ಮೆ ನಡೆದ ಹಾಗೆ ನಡೆದು ನನಗಿಂತ ಮುಂಚೆ ಮೇಲಿದ್ದರು.

ಮೇಲೆ ಬಂಡೆಯ ಸೀಳುಗಳಲ್ಲಿ ಮಳೆನೀರು ಹಿಡಿದಿಡುವ ಹೊಂಡಗಳಿವೆ. ಇಂಥ ಒಣ ಗುಡ್ಡದ ಮೇಲೆ ಸೈನ್ಯ ಬದುಕಿದ್ದು ಆ ನೀರಿನ ಮೇಲೆ. ಎದುರಿಗೆ ಕುಂಬಾರ ಗುಡ್ಡ. ಊರಿನವರೆಲ್ಲ ಹೇಳುವ ಕತೆಯೊಂದಿದೆ: ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್ ಎದುರಿನ ಗುಡ್ಡ ಇದಕ್ಕಿಂತ ಎತ್ತರ ಅನ್ನೋದನ್ನು ಗಮನಿಸಲಿಲ್ಲ, ಅಲ್ಲಿಂದ ಶತ್ರು ತೋಪು ಹಾರಿಸಬಹುದು ಅಂತ ಹೈದರಾಲಿ ಅವನನ್ನು ಗಲ್ಲಿಗೇರಿಸಿದ. ಐತಿಹ್ಯ. ಆದರೆ ಅಲ್ಲಿ ನಿಂತರೆ ಕತೆ ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ. ಮೊದಲು ಸುತ್ತಲೂ ನೋಡು, ಆಮೇಲೆ ಕಟ್ಟು.

‘ಗುಡ್ಡ ಯಾವ ಕಡೆ ಐತೆ?’

ಗೇಮಿನಲ್ಲಿ ನಾನು ಬಾಲ್ಮೋರಾದಲ್ಲಿ ಸಿಕ್ಕಿಬಿದ್ದಿದ್ದೆ. ಪೊಟ್ಟಣ ಮುಟ್ಟಿಸಿದ ಮೇಲೆ ಬರುವ ಮೊದಲ ದೊಡ್ಡ ಕೆಲಸ, ಅರ್ಕ್‌ನ್‌ತಾಂಡ್ ಅನ್ನೋ ಪಾಳುಬಿದ್ದ ಪಟ್ಟಣದಿಂದ ಅಂಗೈಯಗಲದ ಪೆಟ್ಟಿಗೆಯೊಂದನ್ನು ತರುವುದು. ದಾರಿ ಹೇಳುವವನು ಬಾಯಲ್ಲಿ ಹೇಳುತ್ತಾನೆ: ಸೈನಿಕರ ಕೋಟೆ, ಅದರಾಚೆ ಹಳೇ ಸೇತುವೆ, ದಾಟಿದ ಮೇಲೆ ಏರು. ಪಾಳಿನ ಬಾಗಿಲು ತಳ್ಳಿದರೆ ತೆರೆಯಲ್ಲ. ಹೊರಗೆ ಕೊಳವೆಗೆ ಸಿಕ್ಕಿಸಿದ ಹಿಡಿಕೆ ತಿರುಗಿಸಬೇಕು. ಒಳಗೆ ಕತ್ತಲು, ಕಳ್ಳರು, ಸಾಲು ಸಾಲು ಕಪಾಟು. ಎರಡು ಸಂಜೆ ಅದರಲ್ಲೇ ಹೋಯಿತು.

ಅಪ್ಪ ಚಹಾ ಕುಡೀತಾ ಹಿಂದೆ ಕೂತು ನೋಡುತ್ತಿದ್ದರು. ಅವರು ಬಳ್ಳಾರಿಯಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ರಿಪೇರಿ ಅಂಗಡಿ ನಡೆಸಿದವರು. ಮೋಟರ್ ಸುಟ್ಟಿದೆ ಅಂತ ಸುದ್ದಿ ಬಂದರೆ ಬೈಕ್ ಹತ್ತಿ ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳಿಗೆ ಹೊರಡುತ್ತಿದ್ದರು. ಮೊಬೈಲ್ ಇಲ್ಲದ ಕಾಲದಲ್ಲಿ ಯಾವ ಹೊಲ ಯಾವ ಬದುವಿನಾಚೆ ಅಂತ ಹುಡುಕಿದವರು. ನಾನು ಕನ್ನಡದಲ್ಲಿ ದಾರಿ ಓದಿ ಹೇಳಿದೆ. ಅವರ ಮೊದಲ ಪ್ರಶ್ನೆ: “ಗುಡ್ಡ ಯಾವ ಕಡೆ ಐತೆ?”

ಗುಡ್ಡವೇ ಕಾಣಿಸುತ್ತಿರಲಿಲ್ಲ. 2002ರ ಕಂಪ್ಯೂಟರ್‌ಗಳ ಶಕ್ತಿಗೆ ತಕ್ಕಂತೆ ಮೂಲ ಗೇಮಿನಲ್ಲಿ ಸ್ವಲ್ಪ ದೂರದಾಚೆ ಎಲ್ಲ ಮಂಜು. “ಗುಡ್ಡ ಕಾಣಲಿಲ್ಲ ಅಂದ್ರ ದಾರಿ ಹೆಂಗ ಹಿಡೀತಾರ?” ಅಂದರು. ನ್ಯಾಯವಾದ ಮಾತು. ಇದೇ ಗೇಮನ್ನು ಓಡಿಸಲು ಅಭಿಮಾನಿಗಳು ಕಟ್ಟಿರುವ ‘ಓಪನ್ ಎಂಡಬ್ಲ್ಯು’ ಎಂಬ ಉಚಿತ ಎಂಜಿನ್ ಇದೆ. ಅದನ್ನು ಹಾಕಿ ದೂರದ ನೆಲ ಕಾಣುವ ಹಾಗೆ ಮಾಡಿದೆ. ದ್ವೀಪದ ನಡುವೆ ರೆಡ್ ಮೌಂಟನ್ ಅನ್ನೋ ಜ್ವಾಲಾಮುಖಿ ಎದ್ದು ನಿಂತಿತು. “ಹಾಂ, ಇದು ಬಳ್ಳಾರಿ ಗುಡ್ಡ. ಈಗ ಹೊಂಡು” ಅಂದರು. ಕೋಟೆ, ಸೇತುವೆ, ಏರು. ಕಾಲು ಗಂಟೆಯಲ್ಲಿ ಮತ್ತೆ ಬಾಗಿಲ ಮುಂದಿದ್ದೆವು, ಆ ಸಂಜೆ ಪೆಟ್ಟಿಗೆಯೂ ಸಿಕ್ಕಿತು.

ಕುರುಗೋಡಿನ ಅಜ್ಜಿ

ಅದೇ ಭಾನುವಾರ ಅಪ್ಪ “ಕುರುಗೋಡಿಗೆ ಹೋಗೋಣ ನಡಿ, ನೀನು ಬೈಕ್ ಓಡ್ಸು” ಅಂದರು. ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರ್. ಕಪ್ಪು ಎರೆನೆಲ, ಮೆಣಸಿನಕಾಯಿ, ಹತ್ತಿ, ನಡುನಡುವೆ ಯಾರೋ ಜೋಡಿಸಿಟ್ಟ ಹಾಗೆ ಬಂಡೆಗಳ ಗುಡ್ಡ. ದೊಡ್ಡಬಸವೇಶ್ವರನ ಗುಡಿಗೆ ಫೋನಿನ ಮ್ಯಾಪ್ ಸಲೀಸಾಗಿ ಕರೆದೊಯ್ದಿತು. ಒಳಗೆ ಸುಮಾರು 12 ಅಡಿ ಎತ್ತರದ ಏಕಶಿಲಾ ಬಸವ. ಹೊರಗಿನ ಬಿಸಿಲಿನಿಂದ ಒಳಹೊಕ್ಕರೆ ಮೊದಲು ಕತ್ತಲು, ಆಮೇಲೆ ನಿಧಾನಕ್ಕೆ ಕಣ್ಣು, ಕಿವಿ, ಕೊರಳ ಗಂಟೆಸರ.

ಆದರೆ ನನಗೆ ನೋಡಬೇಕಿದ್ದದ್ದು ಗುಡ್ಡದ ಬುಡದ ಹಳೆಯ ಗುಡಿಗಳು. ಕುರುಗೋಡು 12ನೇ ಶತಮಾನದಲ್ಲಿ ಸಿಂದ ಅರಸರ ನೆಲೆಯಾಗಿತ್ತು. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಫೋನ್ ಜೇಬಿಗೆ ಹಾಕಿ, ಕಟ್ಟೆ ಮೇಲೆ ಕೂತ ಅಜ್ಜಿಯನ್ನು ಕೇಳಿದೆ.

“ಆ ಬಂಡೆ ಮ್ಯಾಲೆ ಬಂಡೆ ಕುಂತೈತಲ್ಲ, ಅದು ನಿನ್ನ ಬಲಗೈಗೆ ಇರ್ಬೇಕು. ಎಡಗೈಗೆ ಬಂತಂದ್ರೆ ವಾಪಸ್ ಬಾ.”

ಇಷ್ಟೇ. ಕಿಲೋಮೀಟರ್ ಇಲ್ಲ, ನಿಮಿಷ ಇಲ್ಲ, ಬೀದಿ ಹೆಸರಿಲ್ಲ. ಮಾರೋವಿಂಡ್‌ನ ಮಂದಿಯೂ ಹೀಗೇ ಹೇಳುತ್ತಾರೆ. ಬಾಣ ನೋಡಿಕೊಂಡು ನಡೆಯುವವಳಿಗೆ ಬಂಡೆ ಕಾಣುವುದಿಲ್ಲ. ಬಂಡೆ ಬಲಗೈಗೇ ಇರಬೇಕು ಅನ್ನುವವಳು ಪ್ರತಿ ತಿರುವಿನಲ್ಲೂ ತಲೆ ಎತ್ತುತ್ತಾಳೆ. ಹಾಗೆ ತಲೆ ಎತ್ತಿದ್ದಕ್ಕೇ ಗುಡ್ಡದ ಮೇಲಿನ ಕೋಟೆಗೋಡೆ ಕಂಡಿತು, ಜಾಲಿಮುಳ್ಳಿನ ನಡುವೆ ಕಲ್ಲಿನ ಕಂಬ ಕಂಡವು. ಗುಡಿ ಸಿಕ್ಕವು. ಬೈಕ್ ನಿಲ್ಲಿಸಿದ ಜಾಗಕ್ಕೆ ವಾಪಸ್ ಬರಲು ಯಾರನ್ನೂ ಕೇಳಬೇಕಾಗಲಿಲ್ಲ.

ಸಿರುಗುಪ್ಪದ ಹೊಲ

ಅಪ್ಪ ನನ್ನನ್ನು ಸುತ್ತಾಡಿಸಿದ್ದು ಪ್ರವಾಸಕ್ಕಲ್ಲ ಅಂತ ಗೊತ್ತಾದದ್ದು ಮುಂದಿನ ವಾರ.

ಅವರಿಗೆ ಗ್ಲಕೋಮ. ಕಣ್ಣಿನ ನರಕ್ಕೆ ಆಗುವ ಹಾನಿ. ಸಾಮಾನ್ಯವಾಗಿ ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು. ಬೈಕ್ ಬೇಡ ಅಂತ ಡಾಕ್ಟರ್ ಹೇಳಿಯಾಗಿತ್ತು. ಸಿರುಗುಪ್ಪ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಗದ್ದೆ, ಬೇರೆಯವರಿಗೆ ಗುತ್ತಿಗೆಗೆ ಕೊಟ್ಟದ್ದು. ನಾನು ಒಬ್ಬಳೇ ಮಗಳು. “ನನಗೆ ಕಾಣೋತನಕ ನಿನಗೆ ತೋರ್ಸಿಬಿಡ್ತೀನಿ” ಅಂದರು. ಅಷ್ಟೇ ಹೇಳಿದ್ದು.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ 50 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದಾರಿಯಲ್ಲಿ ತೆಕ್ಕಲಕೋಟೆ. 1960ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ಮಾಡಿ ನವಶಿಲಾಯುಗದ ಜನ ಬದುಕಿದ್ದ ಗುರುತು ಕಂಡರು. ಅದನ್ನು ದಾಟಿದರೆ ನೆಲದ ಬಣ್ಣವೇ ಬೇರೆ. ತುಂಗಭದ್ರಾ ಅಣೆಕಟ್ಟಿನಿಂದ ಬರುವ ಬಲದಂಡೆಯ ಕೆಳಮಟ್ಟದ ಕಾಲುವೆ, ಅದರ ಕೈಕಾಲುವೆಗಳು, ಭತ್ತ. ಪೇಟೆಯಲ್ಲಿ ಸಾಲಾಗಿ ಅಕ್ಕಿ ಗಿರಣಿ. ನಿಮ್ಮ ಮನೆಯ ಸೋನಾ ಮಸೂರಿ ಈ ಕಡೆಯದೇ ಇರಬಹುದು.

ಪೇಟೆ ದಾಟಿ ಅಪ್ಪ ಹಿಂದಿನ ಸೀಟಿನಿಂದ ಹೇಳತೊಡಗಿದರು. “ಕಾಲುವೆ ಏರಿ ಹಿಡಿ. ಮೊದಲ್ನೇ ತೂಬು ಬಿಡು. ಎರಡನೇ ತೂಬಿನ ಹತ್ರ ಬೇವಿನ ಮರ ಐತೆ, ಅಲ್ಲಿ ಎಡಕ್ಕ. ಮರ ಕಡಿದಿದ್ರೆ ಬೊಡ್ಡೆ ನೋಡು.”

ಮರ ಇರಲಿಲ್ಲ. ಬೊಡ್ಡೆ ಇತ್ತು.

ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಉಪಯೋಗದ ಆ್ಯಪು, ನಾನೂ ನೋಡಿದೆ. ಆದರೆ ನೀರು ಯಾವ ತೂಬಿನದು, ಸರದಿ ಯಾವ ರಾತ್ರಿ, ಮೇಲಿನ ಹೊಲದವರು ಬಾಗಿಲು ತಡೆದರೆ ಯಾರಿಗೆ ಹೇಳಬೇಕು, ಪಕ್ಕದವರ ಬದುವಿನ ಮೇಲೆ ಟ್ರ್ಯಾಕ್ಟರ್ ಹಾಯಿಸಲು ತಾತನ ಕಾಲದಲ್ಲಿ ಆದ ಬಾಯಿಮಾತು ಏನು — ಇವು ಸರ್ವೆ ನಕ್ಷೆಯಲ್ಲಿ ಇರುವ ವಿಷಯಗಳೇ ಅಲ್ಲ. ಅಪ್ಪನ ತಲೆಯಲ್ಲಿದ್ದವು. ನಮ್ಮದು ಕಾಲುವೆಯ ಕೊನೆಭಾಗ. ಅಲ್ಲಿ ಇದು ಗೊತ್ತಿದ್ದರೆ ಬೆಳೆ, ಇಲ್ಲದಿದ್ದರೆ ಜಗಳ.

ನನ್ನ ಬ್ಯಾಗಿನಲ್ಲಿ ಮಾರೋವಿಂಡ್‌ನ ನೋಟ್‌ಬುಕ್ ಇತ್ತು. ಗೇಮೊಳಗೊಂದು ದಿನಚರಿ ಇದ್ದರೂ ಅದು ಎಲ್ಲ ಕೆಲಸಗಳನ್ನೂ ತಾರೀಖಿನ ಪ್ರಕಾರ ಕಲಸಿಡುತ್ತದೆ. ಕೆಲಸವಾರು ನೋಡುವ ಸೌಲಭ್ಯ ಬಂದದ್ದು ಆಮೇಲಿನ ‘ಟ್ರಿಬ್ಯೂನಲ್’ ವಿಸ್ತರಣೆಯಲ್ಲಿ. ಹಾಗಾಗಿ ನಾನು ಪ್ರತಿ ಜಾಗಕ್ಕೂ ಒಂದು ಪುಟ ಮಾಡಿಕೊಂಡಿದ್ದೆ: ಯಾರು ಹೇಳಿದರು, ಯಾವ ಗುರುತು, ಯಾವ ಕೈಗೆ. ಅದೇ ಪುಸ್ತಕ ತಿರುಗಿಸಿ ಹಿಂದಿನಿಂದ ಬರೆಯತೊಡಗಿದೆ. ತೂಬು, ಬೊಡ್ಡೆ, ಸರದಿ, ಹೆಸರು. ಅಪ್ಪ ಬದುವಿನ ಮೇಲೆ ಕೂತು ಹೇಳಿದರು. ಹದಿನಾಲ್ಕು ಪುಟವಾಯಿತು.

ಯಾವ ಕಷ್ಟ ಬೇಕು, ಯಾವುದು ಬೇಡ

ಹಳೇದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ತಾಗಿದ ಕತ್ತಿಯ ಏಟು ಬೀಳದಿರುವುದು, ಕಣ್ಣೆದುರು ಮಂಜು, ಕಲಸಿದ ದಿನಚರಿ — ಇಂಥ ಕಷ್ಟದಿಂದ ಯಾರಿಗೂ ಲಾಭವಿಲ್ಲ. ರಾತ್ರಿ ಹೊತ್ತು ಆ್ಯಂಬುಲೆನ್ಸ್ ಓಡಿಸುವವರಿಗೆ ಬಾಣವೇ ಬೇಕು, ಬೇವಿನ ಮರ ಅಲ್ಲ. ಆದರೆ ದಾರಿಯನ್ನು ಕೇಳಿ, ಕೇಳಿದ್ದನ್ನು ನೆಲದ ಮೇಲೆ ಹೊಂದಿಸಿಕೊಂಡು ಹುಡುಕುವ ಕಷ್ಟ ಬೇರೆ ಜಾತಿಯದು. ಅದನ್ನು ತೆಗೆದುಹಾಕಿದರೆ ಜಾಗ ಮುಟ್ಟುತ್ತೇವೆ, ಜಾಗದ ಪರಿಚಯ ಆಗುವುದಿಲ್ಲ.

ಮಾರೋವಿಂಡ್‌ನಲ್ಲಿ ಇನ್ನೊಂದು ಕಠಿಣ ನಿಯಮವಿದೆ. ಮುಖ್ಯ ಕತೆಗೆ ಬೇಕಾದ ಪಾತ್ರಗಳನ್ನೂ ಅದು ಕಾಪಾಡುವುದಿಲ್ಲ. ಅಂಥವರೊಬ್ಬರನ್ನು ನೀವು ಕೊಂದರೆ, ಕತೆಯ ಎಳೆ ಕಡಿಯಿತು, ಹಳೇ ಸೇವ್‌ಗೆ ಹಿಂದಿರುಗು ಇಲ್ಲವೇ ಹೀಗೇ ಬದುಕು ಅನ್ನುವ ಅರ್ಥದ ಸಂದೇಶ ಬರುತ್ತದೆ. ಗೇಮಿನಲ್ಲಿ ಸೇವ್ ಇದೆ. ಸಿರುಗುಪ್ಪದ ಕಾಲುವೆ ಏರಿಯ ಮೇಲೆ ಇಲ್ಲ.

ಊರಲ್ಲಿ ಹೊಲವೋ, ಹಳೇ ಮನೆಯೋ, ಬಾವಿಯೋ ಇದ್ದು, ನೀವು ದೂರದಲ್ಲಿ ಕೆಲಸದಲ್ಲಿದ್ದರೆ, ಮುಂದಿನ ರಜೆಯಲ್ಲಿ ಗೊತ್ತಿರುವವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿ. ಫೋಟೊ ಸಾಲದು. ಅವರು ಹೇಳಿದ ಹಾಗೆ ಬರೆದುಕೊಳ್ಳಿ, ಆಮೇಲೆ ಅವರಿಲ್ಲದೆ ಒಮ್ಮೆ ನೀವೇ ಹುಡುಕಿ.

ನಾನು ಹೋದ ತಿಂಗಳು ಒಬ್ಬಳೇ ಹೋಗಿದ್ದೆ. ಎರಡನೇ ತೂಬು, ಬೊಡ್ಡೆ, ಎಡಕ್ಕೆ. ಗದ್ದೆಯಿಂದಲೇ ಅಪ್ಪನಿಗೆ ಫೋನ್ ಮಾಡಿದೆ. “ನೀರು ಯಾವ ಕಡೆಯಿಂದ ಬರ್ತೈತೆ, ಹೇಳು ನೋಡೋಣ?” ಅಂದರು. ಹೇಳಿದೆ. “ಸರಿ, ಬಿಸಿಲೇರೋಕೆ ಮುಂಚೆ ಹೊಂಡು” ಅಂದು ಇಟ್ಟರು. ಗೇಮು ಇನ್ನೂ ಮುಗಿದಿಲ್ಲ. ಮುಂದಿನ ಸರದಿಯ ರಾತ್ರಿ ನೀರು ಕಟ್ಟುವುದನ್ನು ನೋಡಲು ಗುತ್ತಿಗೆಯವರ ಜೊತೆ ಹೋಗಬೇಕು. ಅದಕ್ಕೆ ಹದಿನೈದನೇ ಪುಟ ಖಾಲಿ ಬಿಟ್ಟಿದ್ದೇನೆ.