ತೂಕ ಇಳಿದರೂ ಮೈ ಸಡಿಲ ಯಾಕೆ?

ತೂಕ ಇಳಿಸಲು ಹೊರಟವರು ಮೊದಲು ಮಾಡುವುದು ಅನ್ನ ಬಿಟ್ಟು ಕೆರೆ ಏರಿಯ ಮೇಲೆ ನಡೆಯುವುದು. ಕೆಲವು ತಿಂಗಳಲ್ಲಿ ತೂಕ ಇಳಿಯುತ್ತದೆ, ತೋಳು, ಹೊಟ್ಟೆ ಮಾತ್ರ ಮೆತ್ತಗೇ ಉಳಿಯುತ್ತವೆ. ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಸ್ನಾಯುವಿಗೆ ಭಾರದ ಕೆಲಸ ಕೊಟ್ಟರೆ ದೇಹ ಅದನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ.

ಜಿಮ್ಮೇ ಬೇಕೆಂದಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಮೈ ಕಟ್ಟಿದ್ದು ದಂಡ, ಬಸ್ಕಿ, ಗದೆಯಿಂದ. ಗೋಡೆಗೆ ಕೈಯೂರಿ ದಂಡ, ಕುರ್ಚಿಯಿಂದ ಎದ್ದು ಕೂರುವ ಬಸ್ಕಿ, ನೀರು ತುಂಬಿದ ಬಾಟಲಿ ಎತ್ತುವುದು, ಶುರುವಿಗೆ ಇಷ್ಟು ಸಾಕು. ಸುಲಭ ಅನ್ನಿಸತೊಡಗಿದಾಗ ಭಾರ ಹೆಚ್ಚಿಸಲೇಬೇಕು, ಬಹಳ ಜನ ತಪ್ಪುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 2 ದಿನ ಇಂಥ ಸ್ನಾಯು ಬಲಪಡಿಸುವ ವ್ಯಾಯಾಮ. ಸ್ನಾಯುವಿಗೆ ಪ್ರೋಟೀನ್ ಕೂಡ ಬೇಕು, ತಟ್ಟೆಯಲ್ಲಿ ಹುರುಳಿ, ಹೆಸರುಕಾಳು, ಮೊಟ್ಟೆ, ಮೊಸರು ಇರಲಿ. ಬರೀ ಮುದ್ದೆ, ತಿಳಿಸಾರಿನ ಪ್ರೋಟೀನ್ ಸಾಲದು. ತುಂಬಾ ತೂಕ ಇಳಿದವರ ಚರ್ಮ ಪೂರ್ತಿ ಬಿಗಿಯಾಗದೇ ಇರಬಹುದು, ಎದೆಗುಂದಬೇಡಿ.

ಭಾರ ಎತ್ತಿದರೆ ಹೆಂಗಸರ ಮೈ ಗಂಡಸರಂತಾಗುತ್ತದೆ ಎಂಬ ಮಾತನ್ನು ನಂಬಲೇಬೇಡಿ. ವಯಸ್ಸಾದಂತೆ ಸ್ನಾಯು ತಾನಾಗಿಯೇ ಸವೆಯುತ್ತದೆ. ಅದಕ್ಕೇ ನಿಮ್ಮ ಅಮ್ಮನನ್ನೂ ಜೊತೆಗೆ ಕರೆದುಕೊಳ್ಳಿ.