ಕೊಟ್ಟೂರ ಹಾದಿಯಲ್ಲಿ ಒಂದು ಜಾಡಿ ರಂಜಕ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಹಾದಿ ಮಳೆ ಕಡಿಮೆಯಾದ ಸೀಮೆಯದು. ಜೋಳ, ಶೇಂಗಾ ಹೊಲಗಳ ನಡುವೆ ನೀರಿನ ಆಸರೆಯಿದ್ದೆಡೆ ಮೆಣಸಿನ ಗಿಡಗಳು ಕಾಣುವುದುಂಟು. ಕಾಯಿ ಕೆಂಪೇರುವ ಮಾಘ ಮಾಸದಲ್ಲಿಯೇ ಶ್ರೀ ಗುರು ಕೊಟ್ಟೂರೇಶ್ವರರ ರಥೋತ್ಸವವೂ ಬರುತ್ತದೆ. ನಾನಾ ದಿಕ್ಕುಗಳಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುವರು. ದಣಿದು ಬಂದವರಿಗೆ ಹಾದಿಯ ಮನೆಗಳವರು ಜೋಳದ ರೊಟ್ಟಿ ನೀಡುವರು. ಅದರ ಮೇಲೊಂದಿಷ್ಟು ಹಣ್ಣುಮೆಣಸಿನಕಾಯಿಯ ಕೆಂಪು ಚಟ್ನಿ, ಅಂದರೆ ರಂಜಕ.

ಆ ಹಾದಿಯ ಒಂದು ಮನೆಯಲ್ಲಿ ಈ ವರ್ಷ ನಾನು ಇಳಿದುಕೊಂಡಾಗ ಹಿರಿಯ ತಾಯಿಯೊಬ್ಬರು ರಂಜಕಕ್ಕೆ ಅಣಿಮಾಡುತ್ತಿದ್ದರು. ಒಂದು ಕಿಲೋ ಬ್ಯಾಡಗಿ ಹಣ್ಣುಮೆಣಸಿನಕಾಯಿ. ಬಣ್ಣ ಹೆಚ್ಚು, ಖಾರ ಕಡಿಮೆ. ತೊಳೆದು, ನೆರಳಿನಲ್ಲಿ ಹರವಿ, ಬಟ್ಟೆಯಿಂದ ಒರೆಸಿದ ಮೇಲೆಯೇ ತೊಟ್ಟು ಬಿಡಿಸಿದರು. ಮೊದಲೇ ಬಿಡಿಸಿದರೆ ಕಾಯಿಯೊಳಗೆ ನೀರು ಸೇರುವುದಂತೆ. ಕಬ್ಬಿಣದ ಬಾಣಲೆಯಲ್ಲಿ ತುಸು ಶೇಂಗಾ ಎಣ್ಣೆ ಹಾಕಿ, ಸಿಪ್ಪೆ ಬೊಬ್ಬೆಯೆದ್ದು ಪಸೆ ಆರುವವರೆಗೆ ಸಣ್ಣ ಉರಿಯಲ್ಲಿ ಹುರಿದರು. ಆರಿದ ಬಳಿಕ 150 ಗ್ರಾಂ ಉಪ್ಪು, ಒಂದು ಹಿಡಿ ಬೆಳ್ಳುಳ್ಳಿ, ಹುರಿದು ಪುಡಿಮಾಡಿದ ಒಂದು ಚಮಚ ಮೆಂತ್ಯ, ಚಿಟಿಕೆ ಇಂಗು ಕೂಡಿಸಿ ಒರಳಿನಲ್ಲಿ ಕುಟ್ಟಿ, ಎಂಟು ನಿಂಬೆಯ ರಸ ಹಿಂಡಿದರು. ಬೆಳ್ಳುಳ್ಳಿ ತಿನ್ನದವರಿಗೆ ಇಂಗೊಂದೇ ಸಾಕು. ಉಪ್ಪು ಮತ್ತು ಹುಳಿ ಇದನ್ನು ಕಾಯುತ್ತವೆ. ಹಸಿ ಸೋಕಿದರೆ ಎರಡೂ ಸೋಲುತ್ತವೆ.

ಒಣಗಿದ ಜಾಡಿಗೆ ತುಂಬುತ್ತಿದ್ದಾಗ ಪಕ್ಕದಲ್ಲಿದ್ದ ಮೊಮ್ಮಗು ಕೇಳಿತು: “ಅಜ್ಜಿ, ಹೋದ ವರ್ಷ ಈ ಅಯ್ಯನವರು ಹಸಿ ಚಮಚ ಹಾಕಿದ್ದಕ್ಕೇ ಬೂಷ್ಟು ಬಂತಲ್ಲವಾ?”

ತಾಯಿ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದರು. ನನಗೆ ನೆನಪಾಯಿತು. ಹಿಂದಿನ ವರ್ಷ ಊಟದ ನಡುವೆ, ಯಾರನ್ನೂ ಕೇಳದೆ, ಮಜ್ಜಿಗೆ ಕಲಕಿದ ಚಮಚದಿಂದಲೇ ಜಾಡಿಯಿಂದ ರಂಜಕ ಬಡಿಸಿಕೊಂಡಿದ್ದೆ. ಪಾದಯಾತ್ರಿಗಳಿಗೆಂದು ತೆಗೆದಿರಿಸಿದ್ದು ಅದು. ಬೂಷ್ಟು ಬಂದುದನ್ನು ಮೇಲೆ ತೆಗೆದು ಉಳಿದುದನ್ನು ನೀಡಲು ಮನಸ್ಸೊಪ್ಪದೆ ಜಾಡಿಯಿಡೀ ಚೆಲ್ಲಿದ್ದರು.

“ನನಗೇಕೆ ಹೇಳಲಿಲ್ಲ ತಾಯಿ?” ಎಂದೆ.

“ಉಂಡು ಹೋದವರಿಗೆ ಏನಂತ ಹೇಳೋದು ಅಯ್ಯನವರೆ? ಮೆಣಸಿನಕಾಯಿ ಮತ್ತೆ ಬರ್ತಾವೆ” ಎಂದರು.

ನಲವತ್ತು ವರ್ಷ ದಾಸೋಹದ ವಿಷಯವಾಗಿ ಪ್ರವಚನ ಮಾಡಿದವನು ನಾನು. ನೀಡುವವರ ಕರ್ತವ್ಯವನ್ನು ಬಗೆಬಗೆಯಾಗಿ ವಿವರಿಸಿದ್ದೆ. ಉಣ್ಣುವವನಿಗೂ ಒಂದು ಆಚಾರವುಂಟೆಂಬುದನ್ನು ಅಷ್ಟಾಗಿ ಹೇಳಿರಲಿಲ್ಲ. ನಮ್ಮ ನಂತರ ಉಣ್ಣಲು ಬರುವವರ ಪಾಲು ಆ ಜಾಡಿಯಲ್ಲಿರುತ್ತದೆ.

ಮೆಣಸಿನಕಾಯಿಯೂ ಈ ನೆಲಕ್ಕೆ ಅತಿಥಿಯೇ. ಹನ್ನೆರಡನೆಯ ಶತಮಾನದ ಶರಣರ ಅಡುಗೆಯಲ್ಲಿ ಅದಿರಲಿಲ್ಲ. ಅಮೆರಿಕ ಖಂಡದ ಆ ಬೆಳೆ ಪೋರ್ಚುಗೀಸರೊಡನೆ ನಮ್ಮಲ್ಲಿಗೆ ಬಂದಿತು. ಅದಕ್ಕೆ ಮೊದಲು ಇಲ್ಲಿ ಖಾರಕ್ಕೆ ಮುಖ್ಯವಾಗಿದ್ದುದು ಕಾಳುಮೆಣಸು. ಹಳೆಯ ಮೆಣಸಿನ ಹೆಸರನ್ನೇ ಹಂಚಿಕೊಂಡು ಹೊಸ ಕಾಯಿ ಮನೆಯದಾಯಿತು. ಬಂದ ಅತಿಥಿ ಮನೆಯ ರುಚಿ ಹೆಚ್ಚಿಸಿದನು, ನಾನು ಕೆಡಿಸಿದ್ದೆ.

ಅಂದು ಸಂಜೆ ಒರಳು ತೊಳೆಯುವ ಕೆಲಸವನ್ನು ಕೇಳಿ ಪಡೆದೆ. ಕೈ ಉರಿಯಿತು. ತಾಯಿ ನಗುತ್ತ ಅಂಗೈಗೆ ಎಣ್ಣೆ ಸವರಿಕೊಳ್ಳಲು ಕೊಟ್ಟರು. ಮರುದಿನ ಬೆಳಗ್ಗೆ ಪಾದಯಾತ್ರಿಗಳ ಮೊದಲ ಗುಂಪು ಬಂದಾಗ, ಒಣ ಚಮಚ ಹಿಡಿದು ರಂಜಕ ಬಡಿಸುವ ಭಾಗ್ಯ ನನ್ನದಾಯಿತು.